ಹೊಸ ಮನೆಯ ಪಾಕಶಾಲೆ: ಒಂದು ಧರ್ಮಜಿಜ್ಞಾಸೆ

ಗೃಹಪ್ರವೇಶಕ್ಕೆ ಮುಹೂರ್ತ ಕೇಳಲು ಬರುವ ಗೃಹಸ್ಥರು ಅನೇಕರು ಮನೆಯ ನಕ್ಷೆಯನ್ನೂ ಜೊತೆಯಲ್ಲಿ ತರುವುದುಂಟು. ದೇವರ ಮನೆ ಈಶಾನ್ಯಕ್ಕೆ ಬಂದಿದೆಯೇ, ಅಡುಗೆಮನೆ ಆಗ್ನೇಯದಲ್ಲಿದೆಯೇ, ಒಲೆ ಹಚ್ಚುವವರ ಮುಖ ಪೂರ್ವಕ್ಕೆ ಇರುತ್ತದೆಯೇ ಎಂದು ವಿಚಾರಿಸುತ್ತಾರೆ. ವಿಚಾರಿಸತಕ್ಕದ್ದೇ. ಆದರೆ ಆ ಒಲೆಯ ಮುಂದೆ ನಿಲ್ಲತಕ್ಕವರು ಯಾರು, ಅವರ ವಯಸ್ಸೆಷ್ಟು, ಎತ್ತರವೆಷ್ಟು, ದಿನಕ್ಕೆ ಎಷ್ಟು ಗಂಟೆ ಅಲ್ಲಿ ಕಳೆಯುತ್ತಾರೆ ಎಂಬುದನ್ನು ಯಾರೂ ಕೇಳುವುದಿಲ್ಲ. ದಿಕ್ಕಿನ ಪ್ರಶ್ನೆ ಧರ್ಮಕ್ಕೆ ಸೇರಿದ್ದು, ಎತ್ತರದ ಪ್ರಶ್ನೆ ಮೇಸ್ತ್ರಿಗೆ ಸೇರಿದ್ದು ಎಂಬ ಒಂದು ವಿಭಾಗ ನಮ್ಮ ಮನಸ್ಸಿನಲ್ಲಿ ಹೇಗೋ ನೆಲೆಯೂರಿಬಿಟ್ಟಿದೆ. ಈ ವಿಭಾಗ ಸಾಧುವೇ ಎಂಬುದನ್ನು ಇಲ್ಲಿ ಸ್ವಲ್ಪ ಪರಿಶೀಲಿಸಬೇಕಾಗಿದೆ.

ವೈಷ್ಣವ ಗೃಹಸ್ಥನಿಗೆ ಪಾಕಶಾಲೆಯೆಂಬುದು ಹಸಿವಿಗೆ ಅನ್ನ ಬೇಯಿಸಿಕೊಳ್ಳುವ ಕೋಣೆ ಮಾತ್ರವಲ್ಲವೆಂಬುದು ವಾಚಕರಿಗೆಲ್ಲ ತಿಳಿದದ್ದೇ. ಅಲ್ಲಿ ಸಿದ್ಧವಾದದ್ದು ಮೊದಲು ಭಗವಂತನಿಗೆ ನಿವೇದಿತವಾಗಬೇಕು. ವೈಶ್ವದೇವ, ಹಸ್ತೋದಕ, ಅತಿಥಿಸತ್ಕಾರಗಳಾದ ಮೇಲೆ ಉಳಿದದ್ದು ಮನೆಯವರ ಪಾಲು. ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಭಗವಂತನು ತಾನೇ ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿದ್ದು ನಾಲ್ಕು ವಿಧದ ಅನ್ನವನ್ನು ಪಚನ ಮಾಡುವುದಾಗಿ ತಿಳಿಸಿದ್ದಾನೆ. ಹಾಗಾದರೆ ಒಲೆಯಲ್ಲಿ ಉರಿಯುವ ಅಗ್ನಿ, ಜಠರದಲ್ಲಿ ಉರಿಯುವ ಅಗ್ನಿ ಎರಡರ ಒಡೆಯನೂ ಅವನೇ. ಒಂದು ಅಗ್ನಿಯಿಂದ ಇನ್ನೊಂದು ಅಗ್ನಿಗೆ ಆಹುತಿಯನ್ನು ಒಯ್ಯುವವರು ಅಡುಗೆ ಮಾಡುವವರು. ಯಜ್ಞಶಾಲೆಯನ್ನು ಕಟ್ಟಿಸುವಾಗ ಋತ್ವಿಜರು ಎಲ್ಲಿ ಕೂಡಬೇಕು, ಸಮಿತ್ತು ಎಲ್ಲಿರಬೇಕು, ಆಜ್ಯದ ಪಾತ್ರೆ ಕೈಗೆ ಎಟುಕುವಂತಿದೆಯೇ ಎಂದು ನೋಡುವ ನಾವು ಪಾಕಶಾಲೆಯ ವಿಷಯದಲ್ಲಿ ಅಷ್ಟನ್ನೂ ನೋಡುವುದಿಲ್ಲವೆಂದರೆ ಆಶ್ಚರ್ಯವೇ ಸರಿ.

ಧರ್ಮಶಾಸ್ತ್ರಕಾರರಾದರೋ ಅಡುಗೆಮನೆಯನ್ನು ಬಹಳ ಹತ್ತಿರದಿಂದ ನೋಡಿದವರು. ಮನುಸ್ಮೃತಿಯ ಮೂರನೆಯ ಅಧ್ಯಾಯದಲ್ಲಿ ಪಂಚಸೂನೆಗಳ ವಿಚಾರ ಬರುತ್ತದೆ. ಸೂನೆ ಎಂದರೆ ವಧಾಸ್ಥಾನ. ಗೃಹಸ್ಥನ ಮನೆಯಲ್ಲಿ ಅಂತಹ ಐದು ಸ್ಥಾನಗಳಿವೆಯಂತೆ: ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ. ಕಟ್ಟಿಗೆಯೊಳಗಿನ ಹುಳು ಬೆಂಕಿಗೆ ಬೀಳುತ್ತದೆ. ಧಾನ್ಯದೊಳಗಿನ ಜೀವ ಕಲ್ಲಿನ ಕೆಳಗೆ ಸಿಕ್ಕುತ್ತದೆ. ಗುಡಿಸುವಾಗ ಇರುವೆ ಸಾಯುತ್ತದೆ. ಇವನ್ನು ಬಿಟ್ಟು ಸಂಸಾರ ನಡೆಯುವಂತಿಲ್ಲ. ನಡೆಸುವುದರಿಂದ ಹಿಂಸೆಯಂತೂ ತಪ್ಪುವುದಿಲ್ಲ. ಆದುದರಿಂದಲೇ ಅದರ ನಿಷ್ಕೃತಿಗಾಗಿ ದೇವಯಜ್ಞ, ಪಿತೃಯಜ್ಞ, ಭೂತಯಜ್ಞ, ಮನುಷ್ಯಯಜ್ಞ, ಬ್ರಹ್ಮಯಜ್ಞಗಳೆಂಬ ಐದು ಮಹಾಯಜ್ಞಗಳನ್ನು ದಿನವೂ ಮಾಡಬೇಕೆಂದು ವಿಧಿಸಿದರು. ಇಂದು ಒಲೆಯ ಜಾಗಕ್ಕೆ ಗ್ಯಾಸು, ಬೀಸುಕಲ್ಲಿನ ಜಾಗಕ್ಕೆ ಮಿಕ್ಸಿ, ಕೊಡದ ಜಾಗಕ್ಕೆ ನಲ್ಲಿ ಬಂದ ಮಾತ್ರಕ್ಕೆ ಈ ಋಣ ತೀರಿತೆಂದು ತಿಳಿಯಬೇಕಾಗಿಲ್ಲ. ಇಲ್ಲಿ ಗಮನಿಸಬೇಕಾದದ್ದು ಆ ದೃಷ್ಟಿಯ ಸೂಕ್ಷ್ಮತೆಯನ್ನು. ಅನ್ನ ಬೇಯುವಾಗ ಯಾರಿಗೆ ನೋವಾಯಿತು ಎಂಬ ಲೆಕ್ಕವನ್ನು ಅಡುಗೆಮನೆಯಲ್ಲಿಯೇ ಇಡಬೇಕೆಂದು ಅವರು ಹೇಳಿದರು. ಆ ಲೆಕ್ಕದಲ್ಲಿ ಇರುವೆಗೂ ಒಂದು ಸ್ಥಾನ ಕೊಟ್ಟರು.

ಇರುವೆಗೆ ಸ್ಥಾನವಿರುವ ಲೆಕ್ಕದಲ್ಲಿ, ಅದೇ ಒಲೆಯ ಮುಂದೆ ನಲವತ್ತು ವರ್ಷ ನಿಂತ ಗೃಹಿಣಿಯ ಕಣ್ಣು, ಸೊಂಟ, ಮೊಣಕಾಲುಗಳಿಗೆ ಸ್ಥಾನವಿಲ್ಲವೇ? ಶಾಸ್ತ್ರಕಾರರು ಐದೆಂದು ಎಣಿಸಿದ್ದನ್ನು ಆರೆಂದು ಎಣಿಸುವ ಅಧಿಕಾರ ನಮಗಿಲ್ಲ. ಆದರೂ ಒಂದನ್ನು ಹೇಳಬಹುದು. ಆ ಐದು ಸ್ಥಾನಗಳಲ್ಲಿ ಆಗುವ ಹಿಂಸೆ ಅನಿವಾರ್ಯವಾದದ್ದು. ಅದಕ್ಕೆ ಪ್ರಾಯಶ್ಚಿತ್ತವೊಂದೇ ದಾರಿ. ಅಡುಗೆ ಮಾಡುವವರಿಗೆ ಆಗುವ ನೋವು ಬಹುಮಟ್ಟಿಗೆ ನಿವಾರ್ಯವಾದದ್ದು. ಮನೆ ಕಟ್ಟುವ ಮುಂಚೆ ಒಂದು ಗಂಟೆ ಕುಳಿತು ಯೋಚಿಸಿದರೆ ತಪ್ಪಿಸಬಹುದಾದದ್ದು. ತಪ್ಪಿಸಬಹುದಾದ ಹಿಂಸೆಯನ್ನು ಅಲಕ್ಷ್ಯದಿಂದ ಉಳಿಸಿಕೊಂಡು, ತಪ್ಪಿಸಲಾಗದ ಹಿಂಸೆಗೆ ಮಾತ್ರ ವೈಶ್ವದೇವ ಮಾಡಿ ಏಳುವುದು ಯಾವ ನ್ಯಾಯ?

ಹಳೆಯ ಅಡುಗೆಮನೆಗಳ ವಿಷಯದಲ್ಲಿ ನಮಗೆ ಒಂದು ಭಾವುಕತೆಯಿದೆ. ಅದರಲ್ಲಿ ಅರ್ಧ ಸತ್ಯ. ಮಣ್ಣಿನ ಒಲೆ, ಪಕ್ಕದಲ್ಲಿ ಕೋಡೊಲೆ, ಎದುರಿಗೆ ಮಣೆ. ಕುಳಿತವರ ಬಲಗೈಗೆ ಸೌಟು, ಎಡಗೈಗೆ ಉಪ್ಪಿನ ಮರಿಗೆ. ಈಳಿಗೆಮಣೆ ಅಲ್ಲೇ, ಒರಳುಕಲ್ಲು ನಾಲ್ಕು ಹೆಜ್ಜೆಗೆ. ಕುಳಿತಲ್ಲಿಂದ ಏಳದೆ ಒಂದು ಹೊತ್ತಿನ ಅಡುಗೆ ಮುಗಿಯುವಂತಹ ವ್ಯವಸ್ಥೆ ಅದು. ಗೋಮಯ ಬಳಿದ ನೆಲ, ತಟ್ಟೆ ಸೋಕದ ಮೂಲೆ, ನಿಲುವಿನ ಮೇಲೆ ಹಾಲು ಮೊಸರು, ಅದಕ್ಕೆ ದೂರದಲ್ಲಿ ಅನ್ನದ ಪಾತ್ರೆ. ಮಡಿ, ಮುಸುರೆಗಳ ವಿವೇಕವೆಲ್ಲ ಕಟ್ಟಡದಲ್ಲಿಯೇ ಅಡಗಿತ್ತು, ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಉಳಿದರ್ಧ ಸತ್ಯವೆಂದರೆ ಹೊಗೆ. ಸೂರಿನಲ್ಲಿ ಒಂದು ಗಾಜಿನ ಹೆಂಚು, ಗೋಡೆಯಲ್ಲಿ ಅಂಗೈಯಗಲದ ಗವಾಕ್ಷಿ. ತೊಲೆಗಳೆಲ್ಲ ಕಾಡಿಗೆಯಂತೆ ಕಪ್ಪು. ತೊಲೆಗೆ ಹಿಡಿದ ಆ ಮಸಿ ಕುಳಿತವರ ಶ್ವಾಸಕೋಶಕ್ಕೆ ಹಿಡಿಯದೆ ಬಿಟ್ಟೀತೇ? ಒಲೆ ಮತ್ತು ದೀಪಗಳ ಹೊಗೆಯಿಂದ 2020ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಮರಣ ಹೊಂದಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮ ಅಜ್ಜಿಯಂದಿರ ಕೆಮ್ಮನ್ನು ನಾವು ಮುಪ್ಪಿನ ಕೆಮ್ಮೆಂದೇ ತಿಳಿದಿದ್ದೆವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು 1980ರ ದಶಕದಲ್ಲಿ ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ, ಕಟ್ಟಿಗೆಯನ್ನೂ ಉಳಿಸುವ ಒಲೆಯೊಂದನ್ನು ರೂಪಿಸಿ ಕರ್ನಾಟಕದ ಹಳ್ಳಿಗಳಿಗೆ ಒಯ್ದರು. ‘ಅಸ್ತ್ರ ಒಲೆ’ ಎಂದು ಹೆಸರಾದ ಅದನ್ನು ನಿರ್ಮಿಸಿದವರು ಯಾವ ಆಚಾರವನ್ನೂ ಕೆಡಿಸಲಿಲ್ಲ. ಅಗ್ನಿ ಅದೇ, ಅನ್ನ ಅದೇ. ಕಣ್ಣೀರು ಮಾತ್ರ ಕಡಿಮೆಯಾಯಿತು.

ಮುಂದೆ ಗ್ಯಾಸು ಬಂದಿತು, ಕಟ್ಟೆ ಬಂದಿತು, ಕುಳಿತು ಮಾಡುತ್ತಿದ್ದ ಅಡುಗೆ ನಿಂತು ಮಾಡುವ ಅಡುಗೆಯಾಯಿತು. ಇದು ಸಾವಿರಾರು ವರ್ಷಗಳ ಅಭ್ಯಾಸದಲ್ಲಿ ಆದ ದೊಡ್ಡ ಬದಲಾವಣೆ. ನಾವು ಅದನ್ನು ಬದಲಾವಣೆಯೆಂದೇ ಎಣಿಸಲಿಲ್ಲ. ಕುಳಿತಾಗ ಎಲ್ಲರಿಗೂ ನೆಲವೊಂದೇ. ನಿಂತಾಗ ಒಬ್ಬೊಬ್ಬರ ಎತ್ತರ ಒಂದೊಂದು. ಬೆಂಗಳೂರಿನಲ್ಲಿ ನಮ್ಮ ಬಂಧುಗಳೊಬ್ಬರ ಮನೆಯ ಅಡುಗೆಮನೆಯನ್ನು ಈಚೆಗೆ ಕಿತ್ತು ಹೊಸದಾಗಿ ಮಾಡಿಸಿದರು. ಕರಿಯ ಗ್ರಾನೈಟಿನ ಕಟ್ಟೆ, ಸದ್ದಿಲ್ಲದೆ ಮುಚ್ಚಿಕೊಳ್ಳುವ ಕಪಾಟುಗಳು, ನೋಡಲು ಬಹಳ ಅಂದ. ಕಟ್ಟೆಯ ಎತ್ತರ ಸರಿಯಾಗಿ ಮೂರಡಿ. ಆ ಮನೆಯಲ್ಲಿ ನಿತ್ಯ ಮಡಿಯಲ್ಲಿ ಅಡುಗೆ ಮಾಡುವ ತಾಯಿಯವರ ಎತ್ತರ ನಾಲ್ಕಡಿ ಹತ್ತಂಗುಲ. ಅವರು ಊಟದ ಮಣೆಯೊಂದನ್ನು ನೆಲಕ್ಕೆ ಹಾಕಿಕೊಂಡು ಅದರ ಮೇಲೆ ನಿಂತು ಹುಳಿ ಕುದಿಸುತ್ತಿದ್ದರು. “ಅಮ್ಮಾ, ಇದನ್ನು ಮೊದಲೇ ಹೇಳಬಾರದಾಗಿತ್ತೇ?” ಎಂದು ಮಗ ಕೇಳಿದಾಗ ಅವರು, “ಇರಲಿ ಬಿಡಪ್ಪ, ಅಷ್ಟು ದುಡ್ಡು ಹಾಕಿ ಮಾಡಿಸಿದ್ದೀಯ. ನಾನಿನ್ನೆಷ್ಟು ದಿನ!” ಎಂದರು. ಅವರನ್ನು ಮೊದಲು ಯಾರಾದರೂ ಕೇಳಿದ್ದರೆ ತಾನೇ ಅವರು ಹೇಳುವುದು?

ನಿಂತು ಅಡುಗೆ ಮಾಡುವವರ ಮೊಣಕೈಯಿಂದ ನಾಲ್ಕಾರು ಅಂಗುಲ ಕೆಳಗೆ ಕಟ್ಟೆ ಬರಬೇಕೆಂಬುದು ಸುಲಭವಾದ ಅಳತೆ. ಒಲೆಯನ್ನಿಡುವ ಭಾಗ ಇನ್ನೂ ತುಸು ತಗ್ಗಿರಬೇಕು. ಪಾತ್ರೆಯ ಎತ್ತರವೂ ಅದಕ್ಕೆ ಸೇರುತ್ತದಲ್ಲವೇ. ಕಟ್ಟೆ ಹೆಚ್ಚು ಎತ್ತರವಾದರೆ ಭುಜ ಸೋಲುತ್ತದೆ, ತಗ್ಗಾದರೆ ಸೊಂಟ ಬಾಗುತ್ತದೆ. ಮಾರುಕಟ್ಟೆಯ ಕಪಾಟುಗಳು ಸರಾಸರಿ ಮನುಷ್ಯನಿಗಾಗಿ ತಯಾರಾಗುತ್ತವೆ. ನಮ್ಮ ಮನೆಯಲ್ಲಿ ಸರಾಸರಿ ಮನುಷ್ಯರು ಯಾರೂ ಇರುವುದಿಲ್ಲ, ಅತ್ತೆ ಇರುತ್ತಾರೆ, ಸೊಸೆ ಇರುತ್ತಾಳೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಶ್ರಮವೇ ತಪಸ್ಸಲ್ಲವೇ? ನಮ್ಮ ಹಿರಿಯರು ಬಾವಿಯಿಂದ ನೀರು ಸೇದಿ, ಒದ್ದೆ ಮಡಿಯಲ್ಲಿ ನಡುಗುತ್ತ ಅಡುಗೆ ಮಾಡಿದರು; ಅದರಿಂದಲೇ ಅವರ ಅನ್ನಕ್ಕೆ ಆ ರುಚಿ, ಆ ಪಾವಿತ್ರ್ಯ. ಕಟ್ಟೆಯ ಎತ್ತರ, ಗಾಳಿ, ಬೆಳಕು ಎಂದು ಎಣಿಸುತ್ತ ಕುಳಿತರೆ ದೇಹಸುಖವೇ ಮುಖ್ಯವಾಗಲಿಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಏಕಾದಶಿಯ ನಿರಾಹಾರವಾಗಲಿ, ಚಾತುರ್ಮಾಸ್ಯದ ನಿಯಮವಾಗಲಿ ದೇಹಕ್ಕೆ ಶ್ರಮವೇ. ಆ ಶ್ರಮವನ್ನು ನಾವು ಪ್ರೀತಿಯಿಂದ ಕೈಗೊಳ್ಳುತ್ತೇವೆ. ಆದರೆ ಗೀತೆಯ ಹದಿನೇಳನೆಯ ಅಧ್ಯಾಯವನ್ನು ಗಮನಿಸಬೇಕು. ಆಹಾರವನ್ನು ಮೂರು ಬಗೆಯೆಂದು ವಿಂಗಡಿಸುವ ಅದೇ ಅಧ್ಯಾಯ ತಪಸ್ಸನ್ನೂ ಮೂರು ಬಗೆಯೆಂದು ವಿಂಗಡಿಸುತ್ತದೆ. ಮೂಢವಾದ ಹಠದಿಂದ ತನ್ನನ್ನು ತಾನು ಪೀಡಿಸಿಕೊಂಡು ಮಾಡುವುದು, ಇನ್ನೊಬ್ಬರ ಕೇಡಿಗಾಗಿ ಮಾಡುವುದು ತಾಮಸವೆನಿಸುತ್ತದೆ. ಶರೀರದಲ್ಲಿರುವ ಭೂತಸಮೂಹವನ್ನೂ ಒಳಗಿರುವ ತನ್ನನ್ನೂ ಕೃಶಗೊಳಿಸುವವರ ನಿಶ್ಚಯ ಆಸುರವಾದದ್ದೆಂದು ಭಗವಂತ ಅಲ್ಲಿಯೇ ಎಚ್ಚರಿಸಿದ್ದಾನೆ. ಇದು ಸ್ವಂತ ದೇಹದ ಮಾತಾಯಿತು. ಇನ್ನೊಬ್ಬರ ದೇಹದ ಗತಿಯೇನು? ತಪಸ್ಸು ಎಂಬುದು ತಾನಾಗಿ ವಹಿಸಿಕೊಂಡದ್ದು. ಮಗನು ಕೂಡಿಸಿದ ಹಣದಿಂದ, ಮಗನು ಒಪ್ಪಿದ ನಕ್ಷೆಯಿಂದ ತಾಯಿಗೆ ಬಂದ ಸೊಂಟನೋವು ಯಾರ ತಪಸ್ಸು? ತಾಯಿ ಅದನ್ನು ಗೊಣಗದೆ ಸಹಿಸಿದರೆ ಪುಣ್ಯ ಅವರದು. ಮಗನಿಗೆ ಅದರಲ್ಲಿ ಪಾಲಿಲ್ಲ.

ಆದ್ದರಿಂದ ಅಧಿಕಾರದ ಪ್ರಶ್ನೆಗೆ ಬರಬೇಕಾಗುತ್ತದೆ: ಪಾಕಶಾಲೆ ಹೇಗಿರಬೇಕೆಂದು ನಿಶ್ಚಯಿಸತಕ್ಕವರು ಯಾರು? ಉಡುಪಿಯ ಪರ್ಯಾಯವನ್ನು ಕಂಡವರಿಗೆ ಒಂದು ದೃಶ್ಯ ಮರೆಯುವಂತಿಲ್ಲ. ಎರಡು ವರ್ಷಕ್ಕೊಮ್ಮೆ ಜನವರಿ 18ರಂದು ಶ್ರೀಕೃಷ್ಣನ ಪೂಜಾಧಿಕಾರ ಒಂದು ಮಠದಿಂದ ಇನ್ನೊಂದಕ್ಕೆ ಸಲ್ಲುವಾಗ, ಬೀಗದ ಕೈಗಳೊಡನೆ ಅಕ್ಷಯಪಾತ್ರೆಯನ್ನೂ ಸಟ್ಟುಗವನ್ನೂ ಹಸ್ತಾಂತರಿಸುತ್ತಾರೆ. ಎರಡು ತಿಂಗಳಿಗೊಮ್ಮೆ ಇದ್ದ ಪರ್ಯಾಯವನ್ನು ಎರಡು ವರ್ಷದ ಅವಧಿಗೆ ವಿಸ್ತರಿಸಿದವರು ಶ್ರೀವಾದಿರಾಜರು. ಪರ್ಯಾಯದ ಸಿದ್ಧತೆ ಆರಂಭವಾಗುವುದೂ ಅನ್ನದಿಂದಲೇ: ಬಹಳ ಮುಂಚೆಯೇ ಬಾಳೆ ಮುಹೂರ್ತ, ಅನಂತರ ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತದ ಮುಹೂರ್ತ. ಕಟ್ಟಿಗೆಯನ್ನು ರಥದ ಆಕಾರದಲ್ಲಿ ಒಟ್ಟುವುದನ್ನು ಯಾತ್ರಿಕರು ನಿಂತು ನೋಡುತ್ತಾರೆ. ಬಂದವರ ಎಲೆಗೆ ಅನ್ನ ಬೀಳಬೇಕಾದರೆ ಎಲೆಯ ಬಾಳೆಯನ್ನು ಎಷ್ಟು ತಿಂಗಳ ಮೊದಲು ನೆಡಬೇಕೆಂಬ ಯೋಚನೆ ಅಲ್ಲಿದೆ. ಇದಕ್ಕಿಂತ ಒಳ್ಳೆಯ ಪಾಕಶಾಲೆಯ ಯೋಜನೆಯನ್ನು ನಾನು ಕಂಡಿಲ್ಲ. ಅಲ್ಲಿ ಸಟ್ಟುಗವೆಂದರೆ ಅಧಿಕಾರದ ಚಿಹ್ನೆ. ನಮ್ಮ ಮನೆಗಳಲ್ಲಿ ಸಟ್ಟುಗ ಒಬ್ಬರ ಕೈಯಲ್ಲಿ, ಅಧಿಕಾರ ಇನ್ನೊಬ್ಬರ ಕೈಯಲ್ಲಿ. ಅಂದಹಾಗೆ, ಆ ಮಠದ ಅಡುಗೆಯನ್ನು ಮಡಿಯಲ್ಲಿ ಮಾಡುವವರು ಪುರುಷರು ಎಂಬುದನ್ನು ನಮ್ಮ ಗೃಹಸ್ಥರು ಆಗಾಗ ನೆನೆಯುವುದು ಒಳ್ಳೆಯದು. ಅಡುಗೆ ಹೆಂಗಸರ ಕೆಲಸವೆಂಬ ಮಾತು ಮಠದ ಬಾಗಿಲಲ್ಲಿಯೇ ನಿಂತುಹೋಗುತ್ತದೆ.

ಅಡುಗೆ ಅರಿಯದವರು ಅಡುಗೆಮನೆಯ ನಕ್ಷೆ ಬರೆಯುವ ಪ್ರಸಂಗ ನಮ್ಮಲ್ಲಿ ಮಾತ್ರವಲ್ಲ, ಎಲ್ಲೆಡೆಯೂ ಇದೆ. ಇಂದು ಅಂಗಡಿಗಳಲ್ಲಿ ಕಾಣುವ ಜೋಡಣೆಯ ಅಡುಗೆಮನೆಗಳಿಗೆಲ್ಲ ಮೂಲವೆನಿಸಿದ್ದು ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ವಸತಿಗಳಿಗಾಗಿ 1926ರಲ್ಲಿ ಮಾರ್ಗರೆಟೆ ಶ್ಯೂಟೆ-ಲಿಹೋಟ್ಸ್ಕಿ ಎಂಬ ಆಸ್ಟ್ರಿಯಾದ ಮಹಿಳೆ ರೂಪಿಸಿದ ಅಡುಗೆಮನೆ. ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದ. ರೈಲಿನ ಊಟದ ಬಂಡಿಯ ಅಡುಗೆಕೋಣೆ ಅದಕ್ಕೆ ಮಾದರಿ. ಹೆಂಗಸರ ಹೆಜ್ಜೆಗಳನ್ನು ಎಣಿಸಿ, ವ್ಯರ್ಥ ನಡಿಗೆಯನ್ನು ಕಳೆದು ಮಾಡಿದ್ದು. ಆ ನಗರದಲ್ಲಿ ಅಂತಹವು ಸುಮಾರು ಹತ್ತು ಸಾವಿರ ಆದವು. ಅದನ್ನು ರೂಪಿಸುವ ಮುಂಚೆ ತಾನು ಎಂದೂ ಸಂಸಾರ ನಡೆಸಿದವಳಲ್ಲ, ಅಡುಗೆ ಮಾಡಿದವಳಲ್ಲ ಎಂದು ಆಕೆಯೇ ಮುಂದೆ ಪ್ರಾಮಾಣಿಕವಾಗಿ ಹೇಳಿಕೊಂಡರು. ಅವರ ಉದ್ದೇಶ ಉದಾತ್ತವೇ: ದುಡಿಯುವ ಹೆಂಗಸಿನ ಶ್ರಮವನ್ನು ಇಳಿಸುವುದು. ಶ್ರಮವೂ ಇಳಿಯಿತು. ಆದರೆ ಆ ಕೋಣೆಯಲ್ಲಿ ಇಬ್ಬರು ನಿಲ್ಲುವಂತಿರಲಿಲ್ಲ. ಮಗು ಬಂದು ಕಾಲಬಳಿ ಕೂಡುವಂತಿರಲಿಲ್ಲ, ನೆರೆಯವಳು ಬಂದು ಬೀನ್ಸು ಸೋಸಿಕೊಡುವಂತಿರಲಿಲ್ಲ. ಹೆಜ್ಜೆ ಉಳಿದವು, ಜೊತೆ ಹೋಯಿತು ಎಂಬ ಟೀಕೆ ಆಮೇಲೆ ಬಂದಿತು. ರಾಯರ ಆರಾಧನೆಗೆ ನಾಲ್ವರು ಸೇರಿ ಅಡುಗೆ ಮಾಡುವ ನಮ್ಮಂತಹವರ ಮನೆಗೆ ಅದು ಹೊಂದುವುದೇ ಇಲ್ಲ.

ಇದಕ್ಕೆ ಪ್ರತಿಯಾಗಿ ಬಂದದ್ದು ಈಗಿನ ಬಯಲು ಅಡುಗೆಮನೆ. ಗೋಡೆಯೇ ಇಲ್ಲ, ಪಡಸಾಲೆ, ಊಟದ ಮೇಜು, ಒಲೆ ಎಲ್ಲವೂ ಒಂದೇ ಕಣ್ಣಳತೆಯಲ್ಲಿ. ಮಾಧ್ವ ಮನೆಗಳಲ್ಲಿ ಹೆಚ್ಚು ಚರ್ಚೆಯಾಗುತ್ತಿರುವುದು, ಅತ್ತೆ ಸೊಸೆಯರಲ್ಲಿ ಭಿನ್ನಾಭಿಪ್ರಾಯ ಹುಟ್ಟುತ್ತಿರುವುದು ಇದರ ವಿಷಯದಲ್ಲಿಯೇ. ಅತ್ತೆಯ ಮಾತು ಇದು: ನೈವೇದ್ಯವಾಗುವ ಮುಂಚೆ ಅನ್ನದ ಮೇಲೆ ಕಂಡಕಂಡವರ ದೃಷ್ಟಿ ಬೀಳಬಾರದು, ಚಪ್ಪಲಿ ಬಿಟ್ಟ ಕಾಲಿನಲ್ಲಿ ನೇರ ಒಲೆಯ ಬಳಿ ಬರುವಂತಾದರೆ ಮಡಿ ಎಲ್ಲಿ ಉಳಿಯಿತು? ಸೊಸೆಯ ಮಾತು ಇದು: ಸಂಜೆ ಏಳಕ್ಕೆ ಕಚೇರಿಯಿಂದ ಬಂದು, ಮಗುವಿನ ಪಾಠವನ್ನು ಅಲ್ಲೇ ನೋಡುತ್ತ, ನಾಲ್ಕು ಮಾತಾಡುತ್ತ ಕೆಲಸ ಮಾಡಿದರೆ ದಣಿವು ತಿಳಿಯುವುದಿಲ್ಲ, ಮೂಲೆಯ ಕೋಣೆಯಲ್ಲಿ ಒಬ್ಬಳೇ ಏಕೆ ಇರಬೇಕು? ಇಬ್ಬರ ಮಾತಿನಲ್ಲಿಯೂ ಧರ್ಮವಿದೆಯೆಂಬುದೇ ಇಲ್ಲಿಯ ಕಷ್ಟ. ಅನ್ನವನ್ನು ಮರೆಯಲ್ಲಿಡುವುದು ಭಗವಂತನಿಗೆ ತೋರುವ ಗೌರವ. ಅನ್ನ ಮಾಡುವವರನ್ನು ಮರೆಯಲ್ಲಿಡುವುದು ಯಾರಿಗೆ ತೋರುವ ಗೌರವವೂ ಅಲ್ಲ. ಹಳೆಯ ಮನೆಗಳಲ್ಲಿ ಈ ಎರಡೂ ಒಂದರಲ್ಲೊಂದು ಬೆರೆತುಹೋಗಿದ್ದವು. ಮಡಿಗಾಗಿ ಕಟ್ಟಿದ ಗೋಡೆ ಎಷ್ಟೋ ಸಲ ಹೆಂಗಸಿನ ದಣಿವನ್ನು ಗಂಡಸಿನ ಕಣ್ಣಿಂದ ಮರೆಮಾಡುವ ಗೋಡೆಯೂ ಆಯಿತು. ಈಗ ಅವುಗಳನ್ನು ಬಿಡಿಸಿ ನೋಡಬೇಕಾಗಿದೆ.

ಬಿಡಿಸಲು ದಾರಿಯಿದೆ. ಮೇಲೆ ಹೇಳಿದ ಫ್ರಾಂಕ್‌ಫರ್ಟಿನ ಅಡುಗೆಮನೆಗೂ ಪಡಸಾಲೆಗೂ ನಡುವೆ ಸರಿಯುವ ಬಾಗಿಲೊಂದಿತ್ತು; ಅದನ್ನು ನಾವು ತೆಗೆದುಕೊಳ್ಳಬಹುದು. ಬೆಳಗಿನ ಮಡಿಯಡುಗೆ ಮುಗಿದು ನೈವೇದ್ಯವಾಗುವವರೆಗೆ ಬಾಗಿಲು ಮುಚ್ಚಿರಲಿ, ಅನಂತರ ತೆರೆದಿರಲಿ. ಬಾಗಿಲಿನ ಕೆಳಗೆ ಒಂದು ಹೊಸ್ತಿಲು, ಇಲ್ಲವೇ ನೆಲದಲ್ಲಿ ಬೇರೆ ಬಣ್ಣದ ಕಲ್ಲಿನ ಒಂದು ಪಟ್ಟಿ ಇದ್ದರೆ ಮಕ್ಕಳಿಗೂ ಮೇರೆ ತಿಳಿಯುತ್ತದೆ, ಗದರಿಸಬೇಕಾಗಿಲ್ಲ. ಬಾಡಿಗೆಯ ಮನೆಯಲ್ಲಿರುವವರು, ಬಾಗಿಲಿಡಲು ಅವಕಾಶವಿಲ್ಲದವರು ಪರದೆಯಿಂದ ತೃಪ್ತರಾಗಬೇಕು, ಪರದೆಯೂ ಸಾಕು.

ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು 1940ರ ದಶಕದಲ್ಲಿ ಅಡುಗೆಮನೆಗೊಂದು ತ್ರಿಕೋನದ ಸೂತ್ರವನ್ನು ಹೇಳಿದರು. ಒಲೆ, ನೀರಿನ ತೊಟ್ಟಿ, ಫ್ರಿಜ್ಜು ಇವು ಮೂರು ಬಿಂದುಗಳು. ಒಂದೊಂದಕ್ಕೂ ನಡುವೆ ನಾಲ್ಕರಿಂದ ಒಂಬತ್ತು ಅಡಿ ಇದ್ದರೆ ನಡಿಗೆ ಹಿತಮಿತವಾಗಿರುತ್ತದೆ. ನಮ್ಮ ಶಿಲ್ಪಿಗಳೂ ಇದನ್ನೇ ಅನುಸರಿಸುತ್ತಾರೆ. ಆದರೆ ಈ ತ್ರಿಕೋನದಲ್ಲಿ ದೇವರ ಮನೆಯಿಲ್ಲ. ಮಾಧ್ವರ ಅಡುಗೆಮನೆಯಲ್ಲಿ ನಡಿಗೆಯ ನಾಲ್ಕನೆಯ ಬಿಂದು ಅದೇ. ಒಲೆಯಿಂದ ನೈವೇದ್ಯದ ಪಾತ್ರೆಯನ್ನು ಹಿಡಿದವರು ದೂರದರ್ಶನದ ಮುಂದೆ, ಎಂಜಲು ಮೇಜಿನ ಪಕ್ಕ, ನಾಲ್ಕು ಜನರನ್ನು “ಸ್ವಲ್ಪ ಸರಿಯಿರಿ, ಮಡಿ, ಮಡಿ” ಎನ್ನುತ್ತ ದಾಟಿಕೊಂಡು ಹೋಗಬೇಕಾದ ಮನೆಗಳನ್ನು ಕಂಡಿದ್ದೇವೆ. ಬಿಸಿ ಪಾತ್ರೆ, ಒದ್ದೆ ಸೀರೆ, ನುಣುಪು ನೆಲ! ಈ ಒಂದು ದಾರಿಯನ್ನು ನಕ್ಷೆಯಲ್ಲಿ ಮೊದಲು ಎಳೆದು, ಉಳಿದದ್ದನ್ನು ಆಮೇಲೆ ಜೋಡಿಸಿದರೆ ಅರ್ಧ ತಾಪತ್ರಯ ತಪ್ಪೀತು. ಅಗ್ರೋದಕಕ್ಕೆ ಬೇರೆ ನಲ್ಲಿಯಿರಲಿ, ಮುಸುರೆಯ ಪಾತ್ರೆಗಳಿಗೆ ಬೇರೆ ತೊಟ್ಟಿಯಿರಲಿ. ಇದಕ್ಕೆ ತಗಲುವ ವೆಚ್ಚ ಹೊಳೆಯುವ ಹಿಡಿಕೆಗಳ ವೆಚ್ಚಕ್ಕಿಂತ ಹೆಚ್ಚಲ್ಲ. ಮಡಿಯ ಬಟ್ಟೆಯನ್ನು ಹರವಲು ಗಳುವೋ ಹಗ್ಗವೋ ಎಲ್ಲಿ ಕಟ್ಟಬೇಕೆಂಬುದನ್ನು ಮಾತ್ರ ಯಾವ ನಕ್ಷೆಯಲ್ಲಿಯೂ ನಾನು ಕಂಡಿಲ್ಲ. ಗೃಹಪ್ರವೇಶದ ಮರುದಿನ ಬೆಳಿಗ್ಗೆ ಎಲ್ಲರಿಗೂ ಅದು ನೆನಪಾಗುತ್ತದೆ.

ಕಪಾಟುಗಳನ್ನು ಎಣಿಸುವಾಗ ಪಂಚಾಂಗವನ್ನು ಜೊತೆಯಲ್ಲಿಟ್ಟುಕೊಳ್ಳಬೇಕು. ಶಾಕವ್ರತ, ದಧಿವ್ರತ, ಕ್ಷೀರವ್ರತ, ದ್ವಿದಳವ್ರತ ಎಂದು ನಾಲ್ಕು ತಿಂಗಳು ನಾಲ್ಕು ಬಗೆಯ ನಿಯಮ. ದ್ವಿದಳದ ತಿಂಗಳಿನಲ್ಲಿ ಬೇಳೆಯ ಡಬ್ಬಗಳೆಲ್ಲ ಒಟ್ಟಿಗೆ ಹಿಂದೆ ಸರಿಯಲು ಒಂದು ಗೂಡು ಬೇಕು. ಇಲ್ಲವಾದರೆ ನಿತ್ಯ ಕೈ ತಪ್ಪುವ ಭಯ. ದ್ವಾದಶಿಯ ದಿನವಂತೂ ಪಾರಣೆಗಾಗಿ ಮನೆಯಲ್ಲಿ ಎಲ್ಲರೂ ಮಲಗಿರುವಾಗಲೇ ಒಲೆ ಹತ್ತಬೇಕು. ಹಿಂದಿನ ದಿನ ನಿರಾಹಾರವಿದ್ದ ದೇಹ, ಕತ್ತಲೆ, ಅವಸರ. ಆ ಹೊತ್ತಿಗೆ ಕಟ್ಟೆಯ ಮೇಲೆಯೇ ಬೀಳುವ ಒಂದು ದೀಪ ಬೇಕು. ನಡುಮಾಳಿಗೆಯಲ್ಲಿ ತೂಗುವ ದೀಪದಿಂದ ನಿಂತವರ ನೆರಳು ಈಳಿಗೆಯ ಮೇಲೆಯೇ ಬೀಳುತ್ತದೆ.

ಗ್ಯಾಸಿನ ವಿಷಯ ಒಂದು ಮಾತು. ಸಿಲಿಂಡರಿನ ಗ್ಯಾಸು ಗಾಳಿಗಿಂತ ಭಾರ. ಸೋರಿದರೆ ನೆಲಮಟ್ಟದಲ್ಲಿ ನಿಲ್ಲುತ್ತದೆ. ಆದುದರಿಂದ ಮೇಲಿನ ಕಿಟಕಿಯೊಂದಿಗೆ ನೆಲದ ಬಳಿಯೂ ಗಾಳಿ ಹೊರಹೋಗುವ ಕಂಡಿ ಇರತಕ್ಕದ್ದು. ನಗರಗಳಲ್ಲಿ ಕೊಳವೆಯ ಮೂಲಕ ಬರುವ ಗ್ಯಾಸಾದರೋ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಅದಕ್ಕೆ ಮೇಲಿನ ಕಂಡಿ ಬೇಕು. ಆಗ್ನೇಯದ ಮೂಲೆಗಾಗಿ ಇಂತಹ ಕಂಡಿಯನ್ನೇ ಮುಚ್ಚಿಸಿದವರುಂಟು. ಅಗ್ನಿಯ ದಿಕ್ಕು ಅನುಕೂಲಿಸಿದರೆ ಬಹಳ ಸಂತೋಷ. ಬಹುಮಹಡಿಯ ಕಟ್ಟಡದಲ್ಲಿ ಎಂಟನೆಯ ಅಂತಸ್ತಿನ ಮನೆಯವರು ದಿಕ್ಕಿಗಾಗಿ ಗೋಡೆ ಒಡೆಸಿ, ಗಾಳಿಯಿಲ್ಲದ ಮೂಲೆಗೆ ಒಲೆಯನ್ನು ತಂದರೆ ಅಗ್ನಿದೇವನು ಪ್ರಸನ್ನನಾಗುವನೆಂದು ನನಗೆ ತೋರುವುದಿಲ್ಲ.

ಇಷ್ಟೆಲ್ಲ ಏಕೆ, ವಿದುರನ ಮನೆಯಲ್ಲಿ ಯಾವ ಕಟ್ಟೆಯಿತ್ತು, ಕುಚೇಲನ ಹಿಡಿ ಅವಲಕ್ಕಿ ಯಾವ ಪಾಕಶಾಲೆಯಿಂದ ಬಂದಿತು ಎಂದು ಭಕ್ತರೊಬ್ಬರು ಕೇಳಬಹುದು. ನಿಜ. ಭಗವಂತ ಭಕ್ತಿಗೆ ಒಲಿಯುತ್ತಾನೆ, ಗ್ರಾನೈಟಿಗಲ್ಲ. ಆದರೆ ಈ ಮಾತನ್ನು ಯಾರಿಗೆ, ಯಾವಾಗ ಹೇಳುತ್ತೇವೆಂಬುದನ್ನು ನೋಡಿಕೊಳ್ಳಬೇಕು. ಹತ್ತು ಲಕ್ಷದ ಅಡುಗೆಮನೆಗೆ ಮುಂಗಡ ಕೊಡುವಾಗ ನೆನಪಾಗದ ಕುಚೇಲ, ಹೆಂಡತಿ ಒಂದು ಕಿಟಕಿ ದೊಡ್ಡದಾಗಲೆಂದು ಕೇಳಿದಾಗ ಮಾತ್ರ ನೆನಪಾದರೆ ಅದು ವೈರಾಗ್ಯವಲ್ಲ. ಕೆಲವರು ಅತಿಥಿಗಳಿಗೆ ತೋರಿಸಲು ಒಂದು ಅಡುಗೆಮನೆ, ನಿಜವಾಗಿ ಅಡುಗೆ ಮಾಡಲು ಹಿಂದೆ ಇನ್ನೊಂದು ಸಣ್ಣ ಕೋಣೆ ಕಟ್ಟಿಸುತ್ತಿದ್ದಾರೆ. ಗಾಳಿ, ಬೆಳಕು, ಹಣ ಎಲ್ಲವೂ ಮೊದಲನೆಯದಕ್ಕೆ. ಶ್ರಮವೆಲ್ಲ ಎರಡನೆಯದರಲ್ಲಿ. ಅತಿಥಿಯನ್ನು ಹಿಂದಕ್ಕೆ ಕಳುಹಬಾರದೆಂದು, ಅನ್ನವನ್ನು ಬೆಳೆಸಬೇಕೆಂದು ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿ ವಿಧಿಸುತ್ತದೆ. ಅತಿಥಿಗೆ ಅಡುಗೆಮನೆಯನ್ನು ತೋರಿಸಬೇಕೆಂದು ಎಲ್ಲಿಯೂ ವಿಧಿಸಿಲ್ಲ.

ಹೊಸದಾಗಿ ಕಟ್ಟುವವರು ಮಾಡಬೇಕಾದ ಕೆಲಸ ಕಷ್ಟದ್ದಲ್ಲ. ಗಾರೆ ಬಳಿಯುವ ಮುಂಚೆ ಅಡುಗೆ ಮಾಡುವವರನ್ನು, ಅತ್ತೆ ಸೊಸೆ ಇಬ್ಬರನ್ನೂ, ಅಡುಗೆ ಬಲ್ಲ ಮಗನಿದ್ದರೆ ಅವನನ್ನೂ, ಬರಿಯ ಗೋಡೆಯ ಮುಂದೆ ನಿಲ್ಲಿಸಿ ಮೊಣಕೈಯ ಮಟ್ಟಕ್ಕೆ ಸೀಮೆಸುಣ್ಣದ ಗೆರೆ ಎಳೆಯಬೇಕು. ಎತ್ತರ ಬೇರೆಬೇರೆಯಾದರೆ ಕಟ್ಟೆಯನ್ನು ಎರಡು ಮಟ್ಟವಾಗಿ ಮಾಡಿಸಬಹುದು. ಒಂದರಲ್ಲಿ ಒಲೆ, ಇನ್ನೊಂದರಲ್ಲಿ ಹೆಚ್ಚುವುದು, ಲಟ್ಟಿಸುವುದು. ಕಿಟಕಿಯ ಪಕ್ಕದಲ್ಲಿ ಒಂದೂವರೆ ಅಡಿ ಎತ್ತರದ ಕಲ್ಲಿನ ಒಂದು ಜಗಲಿಯನ್ನೂ, ಅದರ ಬದಿಯಲ್ಲಿ ಹಿಡಿದು ಏಳಲು ಗೋಡೆಗೆ ಒಂದು ಹಿಡಿಕೆಯನ್ನೂ ಹಾಕಿಸಬೇಕು. ನಿಲ್ಲಲಾರದ, ಸುಮ್ಮನೆ ಕೂಡಲೂ ಒಪ್ಪದ ಹಿರಿಯರು ಪ್ರತಿ ಮನೆಯಲ್ಲಿಯೂ ಒಬ್ಬರಿರುತ್ತಾರೆ. ಅವರು ಅಲ್ಲಿ ಕುಳಿತು ತುಳಸಿ ಬಿಡಿಸಿಕೊಡುತ್ತಾರೆ, ಹೂಬತ್ತಿ ಮಾಡುತ್ತಾರೆ, ಹುಳಿಗೆ ಉಪ್ಪು ಹಾಕಿದೆಯೇ ಎಂದು ದಿನಕ್ಕೆ ಮೂರು ಸಲ ಕೇಳುತ್ತಾರೆ.

॥ ಶ್ರೀಕೃಷ್ಣಾರ್ಪಣಮಸ್ತು ॥